ಸ್ಟೇಷನ್ನಿನ ಗಂಟೆ, ನಮ್ಮೂರ ಸೂರ್ಯ

ನನ್ನ ತಂಗಿ ಯಾವ ಹೊತ್ತಿಗೆ ಹುಟ್ಟಿದಳು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅಪ್ಪಯ್ಯ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಈಗ ಅವರೂ ಇಲ್ಲ, ಅವ್ವನೂ ಇಲ್ಲ. ಇನ್ನು ಯಾರ ಮುಲಾಜು? ಬರೆದುಬಿಡುತ್ತೇನೆ.

ಆಗ ನಮ್ಮ ಊರು ಎಡತೊರೆ. ಕೃಷ್ಣರಾಜನಗರ ಎಂಬ ಹೆಸರು ಇನ್ನೂ ಬಂದಿರಲಿಲ್ಲ, ಆದರೆ ರೈಲು ಬಂದಿತ್ತು. ಅಪ್ಪಯ್ಯನದು ಭತ್ತದ ವ್ಯಾಪಾರ. ಮೂಟೆಗಳು ಗಾಡಿ ಬಿಟ್ಟು ರೈಲು ಹತ್ತಿದ ಮೇಲೆ ಹೊತ್ತಿನ ಹುಚ್ಚು ಹಿಡಿದು, ಮೈಸೂರಿನಿಂದ ಒಂದು ಗೋಡೆ ಗಡಿಯಾರ ತಂದರು. ಅಲ್ಲಿಯವರೆಗೆ ನಮ್ಮಲ್ಲಿ ಹೊತ್ತು ಅಳೆಯುತ್ತಿದ್ದದ್ದು ಗಳಿಗೆ ಬಟ್ಟಲು. ಅಂಗೈಯಗಲದ ತಾಮ್ರದ ಬಟ್ಟಲು, ತಳದಲ್ಲಿ ಸೂಜಿ ಮೊನೆಯಷ್ಟು ತೂತು. ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರು ಒಸರಿ ಒಸರಿ ಕೊನೆಗೆ ಗುಳುಂ ಎಂದು ಮುಳುಗುತ್ತಿತ್ತು. ಒಂದು ಸಲ ಮುಳುಗಿದರೆ ಒಂದು ಗಳಿಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷ. ಲೆಕ್ಕ ತಪ್ಪದಿರಲಿ ಎಂದು ಪಕ್ಕದಲ್ಲಿ ಒಂದೊಂದು ಹುಣಸೆ ಬೀಜ ಇಡುವುದು. ಸುತ್ತಲ ಹಳ್ಳಿಗಳ ಮದುವೆಗೆಲ್ಲ, ಅತ್ತ ಸಾಲಿಗ್ರಾಮದವರೆಗೂ, ಆ ಬಟ್ಟಲು ನಮ್ಮ ಮನೆಯಿಂದಲೇ ಹೋಗಿ ಬರುತ್ತಿತ್ತು.

ಗಡಿಯಾರಕ್ಕೆ ಅಪ್ಪಯ್ಯ ಮಾಡುತ್ತಿದ್ದ ಉಪಚಾರ ನೋಡಬೇಕಿತ್ತು. ಹೊಸ ಅಳಿಯನಿಗೂ ಅಷ್ಟು ಮಾಡುವುದಿಲ್ಲ. ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ಅಲ್ಲಿನ ಗಂಟೆ ನೋಡಿಕೊಂಡು, ಅದನ್ನೇ ಬಾಯಲ್ಲಿ ಮಣಮಣ ಎನ್ನುತ್ತ, ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಓಡೋಡಿ ಬಂದು ಮುಳ್ಳು ತಿರುಗಿಸುತ್ತಿದ್ದರು. "ಸರ್ಕಾರದ ಟೈಮು ಕಣ್ರೋ, ಸುಳ್ಳಾಡಾಕಿಲ್ಲ" ಎನ್ನುವುದು ಅವರ ಜಂಬ.

ತಂಗಿ ಹುಟ್ಟಿದ ದಿನ ಅವ್ವನಿಗೆ ಬೆಳಗಿನಿಂದಲೇ ನೋವು. ಅಜ್ಜಿ, ಎಂದರೆ ಅಪ್ಪಯ್ಯನ ತಾಯಿ, ಸೂರ್ಯ ಕಣ್ಣಿಗೆ ಬಿದ್ದ ತಕ್ಷಣ ಜಗಲಿಯ ಮೇಲೆ ಬಟ್ಟಲು ತೇಲಿಬಿಟ್ಟು ಕೂತಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಅಪ್ಪಯ್ಯ ಗಡಿಯಾರ ನೋಡಿ ಗಂಟೆ ಕೂಗಿದರು. ಪಂಚಾಂಗದಲ್ಲಿ ನಕ್ಷತ್ರ ಬದಲಾಗುವ ಹೊತ್ತು ಸೂರ್ಯೋದಯದಿಂದ ಇಷ್ಟು ಗಳಿಗೆ ಎಂದೇ ಇರುವುದು. ಅದನ್ನು ಹಿಡಿದು ಬಂದಿದ್ದ ಜೋಯಿಸರು ಬೆಳಿಗ್ಗೆ ಆರಕ್ಕೆ ಸೂರ್ಯೋದಯವೆಂದು ಹಿಡಿದು, ಅಲ್ಲಿಂದ ಎಷ್ಟು ಗಳಿಗೆಯಾಯಿತೆಂದು ಬೆರಳು ಮಡಿಸಿ ಎಣಿಸಿದರು. ಎಣಿಸುತ್ತ ಎಣಿಸುತ್ತ ಅವರ ಮುಖ ಸಪ್ಪಗಾಯಿತು.

"ಪುಷ್ಯ ಈಗ ತಾನೇ ಮುಗಿಯಿತಲ್ಲ. ಆಶ್ಲೇಷಾ ನಕ್ಷತ್ರ ಹಿಡಿದುಬಿಟ್ಟಿದೆ" ಎಂದರು.

ಆಶ್ಲೇಷಾದಲ್ಲಿ ಹುಟ್ಟಿದ ಹೆಣ್ಣು ಅತ್ತೆಗೆ ಆಗುವುದಿಲ್ಲ, ಅವಳು ಕಾಲಿಟ್ಟ ಮನೆಯಲ್ಲಿ ಅತ್ತೆ ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತಿತ್ತು.

ಅಜ್ಜಿ ತನ್ನ ಮುಂದಿದ್ದ ಬೀಜಗಳನ್ನು ಇನ್ನೊಮ್ಮೆ ಎಣಿಸಿದಳು. "ಬೀಜ ಕಮ್ಮಿ ಅದೆ ಕಣ್ಲಾ ಮಗ. ನನ್ ಲೆಕ್ಕದಲ್ಲಿ ಇನ್ನೂ ಅಷ್ಟು ಒತ್ತಾಗಿಲ್ಲ" ಎಂದಳು.

"ನಿನ್ ಬಟ್ಲು ತೂತಿಗೆ ಪಾಚಿ ಕಟ್ಕೊಂಡದೆ, ಬುಡವ್ವ" ಎಂದು ಅಪ್ಪಯ್ಯ ನಕ್ಕರು. ಹೆಣ್ಣು ಮಗುವಿನ ಹಣೆಬರಹ ಕೆಡುತ್ತಿರುವಾಗ ಗಡಿಯಾರದ ಮಾನ ಉಳಿಸಿಕೊಂಡ ನಗು ಅದು. ಜೋಯಿಸರೂ ಗಡಿಯಾರವಿರುವಾಗ ಬಟ್ಟಲೇಕೆ ತಾಯಿ ಎಂದರು. ಅಜ್ಜಿಗೂ ಮಗನ ಗಡಿಯಾರದ ಮೇಲೆ ಒಳಗೊಳಗೇ ಹೆಮ್ಮೆ. ಇರಬೌದು ಬುಡು ಎಂದು ಬೀಜಗಳನ್ನು ಬಾಚಿ ಮಡಿಲಿಗೆ ಹಾಕಿಕೊಂಡಳು. ಆ ಬಟ್ಟಲು ಮತ್ತೆ ಅಟ್ಟದಿಂದ ಇಳಿಯಲಿಲ್ಲ.

ತಂಗಿ ಬೆಳೆದಳು. ಲಕ್ಷಣವಾಗಿದ್ದಳು, ಕೆಲಸದಲ್ಲಿ ಚುರುಕು, ಬಾಯಿ ಇನ್ನೂ ಚುರುಕು. ನನ್ನನ್ನು ಪಿರಿಯಾಪಟ್ಟಣಕ್ಕೆ ಕೊಟ್ಟ ಮೇಲೆ ಅವಳಿಗೆ ಗಂಡು ನೋಡತೊಡಗಿದರು. ಬಂದವರೆಲ್ಲ ನಕ್ಷತ್ರ ಕೇಳಿ ಎದ್ದರು. ಕಂಪಲಾಪುರದಿಂದ ಬಂದಿದ್ದ ಗಂಡಿನ ತಾಯಿಯೊಬ್ಬರನ್ನು ನಾನು ಮರೆತಿಲ್ಲ. ಅವರು ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ತಮ್ಮ ಮುಡಿಯ ಹೂವನ್ನೇ ತುಂಡು ಮಾಡಿ ಅವಳಿಗೆ ಮುಡಿಸಿ, "ಈ ಮಗ ನಮ್ಮನೇಗೇ ಬರ್ಲಿ ಕಣಕ್ಕ" ಎಂದು ಅವ್ವನ ಕೈ ಹಿಡಿದಿದ್ದರು. ಆಮೇಲೆ ಜಾತಕ ಕೇಳಿ, ನೆಂಟರ ಬಾಯಲ್ಲಿ ಹೇಳಿ ಕಳಿಸಿದರು: "ನಂಗೂ ಇನ್ನೊಸಿ ದಿನ ಬದುಕೋ ಆಸೆ ಅದೆ. ಬ್ಯಾಸ್ರ ಮಾಡ್ಕಬ್ಯಾಡಿ." ತಂಗಿ ಮೂರು ಹೊತ್ತು ಉಣ್ಣಲಿಲ್ಲ. ಯಾವ ಗಂಡಿಗೂ ಅತ್ತವಳಲ್ಲ, ಆ ಅತ್ತೆಗೆ ಅತ್ತಳು.

ಇಂಥ ಹುಡುಗಿಯರಿಗೆ ನಮ್ಮಲ್ಲಿ ಒಂದೇ ದಾರಿ. ಅತ್ತೆ ಇಲ್ಲದ ಮನೆ ಹುಡುಕುವುದು. ಅಪ್ಪಯ್ಯ ಹೆಗ್ಗಡದೇವನಕೋಟೆಯ ಕಡೆ, ಬೀಚನಹಳ್ಳಿಯಿಂದಾಚೆ ಕಾಡಿನಂಚಿನ ಒಂದು ಊರಲ್ಲಿ ಅಂಥ ಮನೆ ಹುಡುಕಿದರು. ಗಂಡ, ಮಾವ, ಇಬ್ಬರು ಮೈದುನರು. ಹೆಂಗಸು ಎಂಬುವರಿಲ್ಲ. ಒಳ್ಳೆಯ ಜಮೀನು, ಒಳ್ಳೆಯ ಜನ, ಮಳೆಗಾಲ ಬಂದರೆ ಮನೆಮನೆಗೂ ಚಳಿಜ್ವರ. ಅವ್ವ ಜ್ವರದ ಸೀಮೆ ಬೇಡವೆಂದಳು. "ಅತ್ತೆ ಇಲ್ದಿರೋ ಮನೆ ಇನ್ನೆಲ್ಲಿ ತರ್ಲಿ?" ಎಂದು ಅಪ್ಪಯ್ಯ ರೇಗಿದರು. ಮದುವೆ ಆಯಿತು.

ಎರಡು ವರ್ಷ ಕಳೆದಿರಬೇಕು. ಒಂದು ಬೆಳಗಿನ ಗಾಡಿಗೆ ಮೂಟೆ ಹಾಕಿಸಲು ಅಪ್ಪಯ್ಯ ಪ್ಲಾಟ್‌ಫಾರಂ ಮೇಲೆ ನಿಂತಿದ್ದರು. ಸೂರ್ಯ ಆಗಷ್ಟೇ ಮೇಲೇಳುತ್ತಿದ್ದ. ಕಣ್ಣೆತ್ತಿದರೆ ಸ್ಟೇಷನ್ನಿನ ಗಡಿಯಾರದಲ್ಲಿ ಆರು ಹೊಡೆದು ಎಷ್ಟೋ ಹೊತ್ತಾಗಿತ್ತು. ಇಷ್ಟು ವರ್ಷ ಇದು ಯಾರಿಗೂ ಕಾಣಲಿಲ್ಲವೇ ಎಂದರೆ, ಸೂರ್ಯ ಎದುರಿಗೇ ಇರುವಾಗ ಗಡಿಯಾರ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಗಡಿಯಾರ ಮುಂದೆ ಓಡುತ್ತಿದೆಯಲ್ಲ ಸ್ವಾಮಿ ಎಂದು ಅಪ್ಪಯ್ಯ ಕೇಳಿದ್ದಕ್ಕೆ ಸ್ಟೇಷನ್ ಮಾಸ್ಟರು, "ಓಡ್ತಾ ಇಲ್ಲ ರೀ. ಇಡೀ ದೇಶಕ್ಕೆ ಒಂದೇ ಟೈಮು, ತಂತಿಯಲ್ಲಿ ಬರುತ್ತೆ. ಪೂರ್ವದ ಕಡೆಯವರಿಗೆ ಸೂರ್ಯ ಮೊದಲು ಕಾಣ್ತಾನೆ, ನಿಮ್ಮೂರಿಗೆ ತಡವಾಗಿ ಬರ್ತಾನೆ" ಎಂದರಂತೆ.

ಅಪ್ಪಯ್ಯ ಮೂಟೆಗಳನ್ನು ಅಲ್ಲೇ ಬಿಟ್ಟು ಜೋಯಿಸರ ಮನೆಗೆ ಓಡಿದರು. ಇಬ್ಬರೂ ಕೂತು, ತಂಗಿ ಹುಟ್ಟಿದ ದಿನದ ನಿಜವಾದ ಸೂರ್ಯೋದಯ ಹಿಡಿದು ಮೊದಲಿಂದ ಎಣಿಸಿದರು. ಅಜ್ಜಿಯ ಬೀಜಗಳ ಲೆಕ್ಕವೇ ಸರಿಯಿತ್ತು. ಅವಳು ಹುಟ್ಟಿದ್ದು ಪುಷ್ಯದಲ್ಲೇ. ಯಾವ ಅತ್ತೆಯಾದರೂ ಸಂತೋಷದಿಂದ ಒಳಗೆ ಕರೆದುಕೊಳ್ಳುವ ನಕ್ಷತ್ರ.

ಅಪ್ಪಯ್ಯ ಹೊಸ ಜಾತಕ ಬರೆಸಿಕೊಂಡು ಪಿರಿಯಾಪಟ್ಟಣಕ್ಕೆ ಬಂದು, ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ತಂಗಿಯ ಊರಿಗೆ ಹೊರಟರು. ದಾರಿಯುದ್ದಕ್ಕೂ ಮಗಳ ಮೇಲಿದ್ದ ಮಾತು ತೊಲಗಿತು ಎಂದು ಹಿಗ್ಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ನಕ್ಷತ್ರದ ಸಂಗತಿ ನನಗೆ ತಿಳಿಯದು. ಅತ್ತೆಯ ಸಂಗತಿ ತಿಳಿದಿತ್ತು. ನನ್ನ ಅತ್ತೆ ಊರಿಗೇ ದೊಡ್ಡ ಬಾಯಿಯವಳು, ಆದರೆ ನಾನು ಜ್ವರದಲ್ಲಿ ಮಲಗಿದ್ದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವಳೂ ಅವಳೇ.

ನಾವು ಹೋದಾಗ ಗಂಡಸರೆಲ್ಲ ಗದ್ದೆಯಲ್ಲಿದ್ದರು. ತಂಗಿ ಎರಡು ಕಂಬಳಿ ಹೊದ್ದು ಅಡುಗೆಮನೆಯ ನೆಲದ ಮೇಲೆ ಮುದುಡಿದ್ದಳು. ಬೆಳಿಗ್ಗೆ ಎಲ್ಲರಿಗೂ ಹಿಟ್ಟು ತೊಳಸಿ ಮುದ್ದೆ ಕಟ್ಟಿಟ್ಟು ಮಲಗಿದವಳು ಒಂದು ಲೋಟ ನೀರಿಗೂ ಎದ್ದಿರಲಿಲ್ಲ. ಕಣ್ಣು ಹಳದಿ, ಕೈ ಕಡ್ಡಿಯಾಗಿತ್ತು. ಅಪ್ಪಯ್ಯ ಜಾತಕ ಬಿಚ್ಚಿ, "ನೀ ಆಶ್ಲೇಷ ಅಲ್ಲ ಕಣವ್ವ, ಪುಷ್ಯ. ಗಡಿಯಾರ ನೋಡಿ ತಪ್ ಮಾಡ್ಬುಟ್ಟಿದ್ದೊ" ಎಂದರು.

ಅವಳು ಅವರನ್ನೇ ನೋಡಿದಳು.

"ಈಗ ಅತ್ತೆ ಬತ್ತಾರಾ ಅಪ್ಪಯ್ಯ?" ಎಂದಳು.

ಚೇಷ್ಟೆಯೋ ಜ್ವರದ ಮಾತೋ ಇಂದಿಗೂ ಹೇಳಲಾರೆ. ಅಪ್ಪಯ್ಯ ಜಾತಕವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಹುಟ್ಟಿದಾಗಿನಿಂದ ಒಲೆಯ ಹತ್ತಿರ ಹೋಗದ ಮನುಷ್ಯ, ಒಲೆ ಊದಿ ಗಂಜಿ ಕಾಯಿಸಿದರು. ಉಪ್ಪು ಎರಡು ಸಲ ಹಾಕಿದ್ದರು. ಅವಳು ಅಷ್ಟನ್ನೂ ಕುಡಿದಳು.

ಜ್ವರ ಒಂದಿಷ್ಟು ಇಳಿಯಲಿ, ಊರಿಗೆ ಕರೆದೊಯ್ಯೋಣ ಎಂದು ನಾಲ್ಕು ದಿನ ಇದ್ದೆವು. ಜ್ವರ ಇಳಿಯಲಿಲ್ಲ. ನನ್ನ ಕೂಸು ಮನೆಯಲ್ಲಿತ್ತು, ಅಪ್ಪಯ್ಯನ ಜೊತೆ ಬರಲೇಬೇಕಾಯಿತು. ಗಾಡಿಗೆ ಹುಲ್ಲು ಹಾಸಿ ಅವಳನ್ನು ಕರೆತರಲು ಅಪ್ಪಯ್ಯ ಮತ್ತೆ ಹೊರಡುವಷ್ಟರಲ್ಲಿ ನಡುವಿನ ಕಪಿಲೆ ಹೊಳೆ ತುಂಬಿ ದಾರಿ ಮುಚ್ಚಿತು. ನೀರು ಇಳಿದ ಮೇಲೆ ಆ ಕಡೆಯಿಂದ ಬಂದದ್ದು ಸಾವಿನ ಸುದ್ದಿ. ನಡುಮಧ್ಯಾಹ್ನ, ಗಂಡಸರು ನಾಟಿಗೆ ಹೋಗಿದ್ದಾಗ ಹೋಗಿದ್ದಳು. ಬಾಯಿಗೆ ಒಂದು ಗುಟುಕು ನೀರು ಬಿಡಲು ಆ ಮನೆಯಲ್ಲಿ ಒಬ್ಬ ಹೆಂಗಸಿರಲಿಲ್ಲ. ಅಂಥ ಮನೆ ಬೇಕೆಂದೇ ನಾವು ಹುಡುಕಿದ್ದೆವು.