ಬನ್ಸ್ ತಿನ್ನುವಾಗ ಬರುವ ಮಾತೃಭಾಷೆ

ಮೊನ್ನೆ ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಹಿರಿಯಡ್ಕದಲ್ಲಿ ಒಬ್ಬರು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ಅವರಿಗಿಂತ ಮೊದಲೇ ಅವರ ಸೆಂಟು ಹತ್ತಿತ್ತು. ಗಲ್ಫಿನಿಂದ ಬರುವ ಚಿನ್ನದ ಬಣ್ಣದ ಬಾಟಲಿಯ ಆ ಗಾಢ ಪರಿಮಳ... ನನಗೆ ತಲೆನೋವು ಶುರುವಾಯಿತು, ಜೊತೆಗೆ ಅದೇ ಸೆಂಟು ಹಾಕುತ್ತಿದ್ದ ನಮ್ಮ ಟ್ರೈನರ್ ಸರ್ ನೆನಪಾದರು. ಅವೆರಡೂ ತರಬೇತಿಯ ಕಾಲದಿಂದಲೂ ನನಗೆ ಒಟ್ಟಿಗೇ ಬರುವುದು.

ಇಂಜಿನಿಯರಿಂಗ್ ಮುಗಿಸಿ ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪನಿಗೆ ಟ್ರೈನಿಗಳಾಗಿ ಸೇರಿದ ನಮ್ಮ ಬ್ಯಾಚಿಗೆ ಅವರೇ ಗುರುಗಳು. ಗುರು ಎಂಬ ಪದದ ಕ್ಷಮೆ ಕೇಳುತ್ತೇನೆ. ಅವರು ಒಂದು ಸಾಲು ಕೋಡ್ ಬರೆದದ್ದನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ. ಪಾಠಕ್ಕೆ ತೋರಿಸುತ್ತಿದ್ದ ಸ್ಲೈಡುಗಳ ಅಡಿಯಲ್ಲಿ ಬೇರೆ ಯಾರದೋ ಹೆಸರಿರುತ್ತಿತ್ತು. ಅದನ್ನು ಅಳಿಸುವ ಶ್ರಮವನ್ನೂ ಪುಣ್ಯಾತ್ಮರು ತೆಗೆದುಕೊಂಡಿರಲಿಲ್ಲ. ಪ್ರಶ್ನೆ ಕೇಳಿದರೆ "ಗುಡ್ ಕ್ವೆಶ್ಚನ್" ಎಂದು ಮುಂದಿನ ಸ್ಲೈಡಿಗೆ ಹಾರುವರು. ಕೆಲವು ತಿಂಗಳು ಅಮೆರಿಕದಲ್ಲಿದ್ದು ಬಂದಿದ್ದರಂತೆ. ಅಲ್ಲಿಂದ ತಂದದ್ದು ನಾಲಿಗೆ ಮಡಚುವ ವಿದ್ಯೆಯೊಂದನ್ನೇ.

ನಮ್ಮ ಮಹಡಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದೆಂದು ಅವರು ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಹಾಳೆಯ ಇಂಗ್ಲಿಷಿನಲ್ಲೇ ತಪ್ಪುಗಳಿದ್ದವು. ಯಾರಾದರೂ ತುಳುವಿನಲ್ಲಿ ಪಿಸುಗುಟ್ಟಿದರೆ ಏನೋ ಹೊಲಸು ತುಳಿದವರ ಹಾಗೆ ಮುಖ ಮಾಡುವರು. ಅವರು ಹುಟ್ಟಿ ಬೆಳೆದದ್ದು ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ, ಮನೆಮಾತು ತುಳು ಎಂಬುದು ನಮಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದೂ ತರಬೇತಿಯ ಒಂದು ಭಾಗವಾಗಿತ್ತು.

ಆದರೆ ಕ್ಯಾಂಟೀನಿನಲ್ಲಿ ಬಾಳೆಹಣ್ಣಿನ ಬಿಸಿ ಬನ್ಸ್ ಬಂದಾಗ ಅಮೆರಿಕ ಮಾಯ. ಬಾಯಿ ತುಂಬ ಬನ್ಸ್ ತುಂಬಿಕೊಂಡಿದ್ದಾಗ ಏನು ಕೇಳಿದರೂ "ಆವು, ಆವು" ಎನ್ನುವರು. ಸರಿ, ಆಗಲಿ ಎನ್ನುವುದಕ್ಕೆ ತುಳುವಿನಲ್ಲಿ ನಾವು ದಿನಕ್ಕೆ ನೂರು ಸಲ ಆಡುವ ಮಾತು ಅದು. ಬಾಯಿ ಖಾಲಿಯಾದ ಕೂಡಲೇ ಮತ್ತೆ "ಓಕೆ ಗಯ್ಸ್".

ಈ "ಆವು" ನಮ್ಮ ಭಾಗ್ಯಾಳಿಗೆ ಬಹಳ ಇಷ್ಟ. ಭಾಗ್ಯಾ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಟ್ರೈನಿ. ಅವಳ ಮನೆಯವರು ಬಾಗಲಕೋಟೆ ಕಡೆಯವರು; ಅಪ್ಪ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡಿಕೊಂಡು ಕಾಪುವಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಬಂದ ಮೊದಲ ವಾರ "ಎಲ್ಲಾರೂ ಹಾವು ಹಾವು ಅಂತೀರಲ್ಲ, ಎಲ್ಲೈತಿ ಹಾವು?" ಎಂದು ಕುರ್ಚಿಯ ಮೇಲೆ ಕಾಲೆತ್ತಿ ಕೂತವಳು ಅವಳೇ. ಆಮೇಲೆ ಹಟ ಹಿಡಿದು ನನ್ನಿಂದ ತುಳು ಕಲಿತಳು. "ತರಬೇತಿ ಮುಗದು ಕೆಲಸ ಖಾಯಂ ಆದ್ರ ಅಪ್ಪನ್ನ ಕೆಲಸ ಬಿಡಸ್ತೀನಿ. ನಾವು ಇಲ್ಲೇ ಇರಾವ್ರು. ಇರೂ ಊರಿನ ಮಾತು ಬರಬೇಕಲ್ಲ?" ಎನ್ನುವಳು. ಕೊನೆಕೊನೆಗೆ ಬಸ್ಸಿನ ಕಂಡಕ್ಟರ್ ಹತ್ತಿರ ತುಳುವಿನಲ್ಲೇ ಜಗಳವಾಡುವಷ್ಟಾಗಿದ್ದಳು. ನನಗೆ ಹೆಮ್ಮೆಯೋ ಹೆಮ್ಮೆ.

ತರಬೇತಿಯ ಕೊನೆಗೆ ನಮ್ಮ ಬ್ಯಾಚು ಉಡುಪಿಯ ಖಾಸಗಿ ಬಸ್ಸುಗಳ ಸಮಯ ತೋರಿಸುವ ಒಂದು ಆ್ಯಪ್ ಮಾಡಿತು. ಹೆಡ್ಡಾಫೀಸಿನ ಮೇಡಂ ಬಂದು ನೋಡುವುದು, ಅದರ ಮೇಲೆ ಯಾರು ಖಾಯಂ ಎಂದು ತೀರ್ಮಾನವಾಗುವುದು. ನಾವು ಹಾಕಿದ್ದ ಹಳೆಯ ಸಮಯಗಳನ್ನು ತೆಗೆದು ಹೊಸತನ್ನು ಹಾಕಬೇಕಿತ್ತು. ಹೊಸತನ್ನು ತಾವೇ ಹಾಕುವುದಾಗಿ ಸರ್ ಎಲ್ಲರ ಎದುರು ಹೇಳಿದ್ದರು. ಹಿಂದಿನ ದಿನ ಕ್ಯಾಂಟೀನಿನಲ್ಲಿ ಭಾಗ್ಯಾ ಅವರ ಬಳಿ ಹೋಗಿ, ಹಳೆಯದನ್ನೆಲ್ಲ ಅಳಿಸಿಬಿಡಲೇ ಎಂದು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಬಾಯಲ್ಲಿ ಬನ್ಸ್. "ಆವು, ಆವು." ಅವಳು ಅಳಿಸಿದಳು.

ಹೊಸತನ್ನು ಹಾಕಲು ಮಹಾನುಭಾವರು ಮರೆತೇಬಿಟ್ಟಿದ್ದರು. ಮರುದಿನ ಮೇಡಂ ಎದುರು ಉಡುಪಿಯಿಂದ ಕಾರ್ಕಳಕ್ಕೆ ಎಂದು ಒತ್ತಿದರೆ, ಒಂದೂ ಬಸ್ಸಿಲ್ಲ ಎಂದು ಬಂತು. ಒಂದರ ಹಿಂದೆ ಒಂದು ಹಾರ್ನ್ ಹೊಡೆದುಕೊಂಡು ಓಡುವ ದಾರಿಯಲ್ಲಿ ಬಸ್ಸಿಲ್ಲವಂತೆ! ಅಳಿಸಿದ್ದು ಯಾರೆಂದು ಮೇಡಂ ಕೇಳಿದರು. ಭಾಗ್ಯಾ ಎದ್ದು ನಿಂತಳು.

"ನಾನು ಮೇಡಂ. ಸರ್‍ನ ಕೇಳೇ ಅಳಸೀನಿ. ಆವು ಅಂದ್ರು."

"ಹಾವು?" ಎಂದರು ಮೇಡಂ.

ಆಗ ನಮ್ಮ ಸರ್ ಟೈ ಸರಿಮಾಡಿಕೊಂಡು, ಅಲ್ಲಿಯವರೆಗೆ ನಾವು ಅವರ ಬಾಯಲ್ಲಿ ಕೇಳದಿದ್ದ ಶುದ್ಧ ಕನ್ನಡದಲ್ಲಿ ಹೇಳಿದರು: "ಅದು ತುಳು ಪದ ಇರಬೇಕು ಮೇಡಂ. ನಾನು ಹೇಗೆ ಹೇಳಲು ಸಾಧ್ಯ? ನನಗೆ ತುಳು ಬರುವುದಿಲ್ಲ."

ಮೈಯೆಲ್ಲ ಉರಿದು ನಾನು ಎದ್ದು ನಿಂತೆ.

"ಎಂತ ಸರ್ ಹೇಳುದು ನೀವು? ಕುಕ್ಕುಂದೂರಿನವರಿಗೆ ತುಳು ಬರುದಿಲ್ವಾ? ನಾನು ಅಲ್ಲೇ ಇದ್ದೆ. ನೀವು ಹೇಳಿದ್ದು ಹೌದು!"

ಮೇಡಂ ನನ್ನನ್ನು ಕೂರಿಸಿದರು. ಊರಿನ ವಿಷಯ ಎತ್ತುವುದು ಸಭ್ಯತೆಯಲ್ಲವಂತೆ. ನನ್ನನ್ನು ಖಾಯಂ ಮಾಡದೆ ತರಬೇತಿಯನ್ನು ಮುಂದುವರಿಸಿದರು, ಭಾಗ್ಯಾಳದನ್ನು ಅಲ್ಲಿಗೇ ಮುಗಿಸಿದರು. ಅವಳು ಗುರುತಿನ ಚೀಟಿ ಕಳಚಿ ಕೊಟ್ಟು ಹೋಗುವಾಗ ಸರ್ ಬಂದು, ಅದೇ ಸೆಂಟಿನ ಕೈ ಚಾಚಿ "ಆಲ್ ದಿ ಬೆಸ್ಟ್" ಎಂದರು. ನಾಚಿಕೆಯಿಲ್ಲದ ಮನುಷ್ಯ. ಅವಳು ಆ ಕೈ ಮುಟ್ಟಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಹಳೆಯ ಸಹೋದ್ಯೋಗಿಗಳ ಜೊತೆ ನಾನೂ ಕುಕ್ಕುಂದೂರಿನ ಮನೆಗೆ ಹೋಗಿದ್ದೆ. ಅವರ ತಾಯಿಗೆ ತುಳು ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ನನ್ನ ಕೈ ಹಿಡಿದುಕೊಂಡು ಮಗನ ಸುದ್ದಿ ಹೇಳಿದರು. ಎಲ್ಲಿದ್ದರೂ ದಿನಾ ಸಂಜೆ ಫೋನ್ ಮಾಡುತ್ತಿದ್ದನಂತೆ, ಏನು ಹೇಳಿದರೂ "ಆವು ಅಮ್ಮ" ಎನ್ನುತ್ತಿದ್ದನಂತೆ... ಆ ಅಜ್ಜಿಗಾಗಿ ನನ್ನ ಕಣ್ಣು ತುಂಬಿತು. ಮಗನ ಮೇಲೆ ಮಾತ್ರ ಇದ್ದ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆನ್ನುತ್ತಾರೆ. ಹುಡುಕಿದೆ, ನನಗೆ ಸಿಗಲಿಲ್ಲ. ಅವರು ಹೋದದ್ದು ನನಗೆ ನಷ್ಟವೆನಿಸಿಲ್ಲ. ನನ್ನ ನಷ್ಟ ಬೇರೆ.

ಮೊನ್ನೆ ಕಾರ್ಕಳದಲ್ಲಿ ಬಸ್ಸಿಳಿದು ಭಾಗ್ಯಾಳಿಗೆ ಫೋನ್ ಮಾಡಿದೆ. ಎಷ್ಟೋ ಕಾಲದ ಮೇಲೆ. ಅವಳು ಈಗ ಹುಬ್ಬಳ್ಳಿಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸದಲ್ಲಿದ್ದಾಳೆ. ಕಾಪುವಿನ ಮನೆ ಅಂದೇ ಬಿಟ್ಟರು. ಅಪ್ಪ ಹುಬ್ಬಳ್ಳಿಯಲ್ಲೂ ಸೆಂಟ್ರಿಂಗ್ ಕೆಲಸಕ್ಕೇ ಹೋಗುತ್ತಾರೆ. ನಾನು ಹಿಂದಿನ ಹಾಗೆ ತುಳುವಿನಲ್ಲೇ ಮಾತು ಶುರು ಮಾಡಿ, ಸರ್ ಹೋದ ಸುದ್ದಿ ಹೇಳಿದೆ.

"ಕನ್ನಡದಾಗ ಹೇಳ," ಎಂದಳು.

"ಎಂತ ಮಾರಾಯ್ತಿ, ಅಷ್ಟು ಚೆಂದ ಕಲಿತದ್ದು ಮರ್ತು ಹೋಯ್ತಾ?"

"ಮರ್ತಿಲ್ಲ," ಎಂದಳು. "ನನಗ ತುಳು ಬರೂದಿಲ್ಲ."