ಬಿಚ್ಚದೆ ಮರಳಿದ ಬುತ್ತಿ

ಎಪ್ಪತ್ತನಾಲ್ಕನೆಯ ಇಸವಿಯ ಶ್ರಾವಣ, ಮಂಗಳವಾರ. ಬೈಲಹೊಂಗಲದ ನಮ್ಮ ಮನೆಯಲ್ಲಿ ಎಂದಿನಂತೆ ಎಲ್ಲಮ್ಮ ತಾಯಿಯ ಪಟಕ್ಕೆ ಭಂಡಾರದ ಅರಿಶಿನ ಹಚ್ಚಿ, ದೀಪವಿಟ್ಟು, ರೊಟ್ಟಿ ಬಡಿಯಲು ಕೂತೆ. ಪಕ್ಕದ ಮನೆಯ ಗಂಗಕ್ಕ ಹಿತ್ತಲ ಗೋಡೆಯ ಮೇಲಿಂದ ಮಜ್ಜಿಗೆ ಕೇಳಿದಳು. ಸ್ಟೀಲಿನ ಬಟ್ಟಲು ತುಂಬಿಸಿ ಕೊಟ್ಟು, ಬುತ್ತಿ ಹಿಡಿದು ಯಜಮಾನರೊಡನೆ ಬಸ್ ಸ್ಟ್ಯಾಂಡಿಗೆ ಹೋದೆ.

ಮಗಳು ಶೈಲಾ ಸವದತ್ತಿಯ ಆಸ್ಪತ್ರೆಯಲ್ಲಿ ಹೊಸದಾಗಿ ನರ್ಸ್ ಆಗಿದ್ದಳು. ದಿನಾ ಬೆಳಗಿನ ಬಸ್ಸಿನಲ್ಲಿ ಅವಳಿಗೆ ಬುತ್ತಿ ಹೋಗುತ್ತಿತ್ತು, ಹಿಂದಿನ ದಿನದ ಖಾಲಿ ಡಬ್ಬಿ ಬರುತ್ತಿತ್ತು. ಅಂದು ಕಂಡಕ್ಟರ್ ಕೊಟ್ಟ ಡಬ್ಬಿ ಭಾರವಾಗಿತ್ತು. ಚಿಕ್ಕಂದಿನಲ್ಲಿ ನಾನು ಕಲಿತ ಕಾನ್ವೆಂಟಿನ ಮದರ್ ಕಲಿಸಿದಂತೆ ಬಟ್ಟೆಯ ತುದಿಗಳನ್ನು ಒಳಗೆ ಮಡಚಿ ಗಂಟು ಹಾಕುವವಳು ನಾನು. ಆ ಗಂಟು ಹಾಗೆಯೇ ಇತ್ತು.

“ಅಕ್ಕಾರ, ನಿಮ್ಮ ಶೈಲಾ ಬಾಯಾರಿಗೆ ನಿನ್ನಿ ವಾರ್ಡಿನ್ಯಾಗ ಚಕ್ಕರ್ ಬಂದು ಬಿದ್ರಂತ,” ಎಂದ ಕಂಡಕ್ಟರ್.

ಯಜಮಾನರ ಮುಖ ಕಪ್ಪಿಟ್ಟಿತು. “ಇದ ಬಸ್ಸಿಗೆ ಹೋಗು. ಟ್ರಂಕಿನ ಸಮೇತ ಕರಕೊಂಡು ಬಾ. ಮಂದಿ ಸೇವಾ ಮಾಡಿದ್ದು ಸಾಕು.”

ನನಗೆ ಮಗಳ ಜೀವವೂ ಬೇಕಿತ್ತು, ಅವಳು ಅಷ್ಟು ಆಸೆಪಟ್ಟು ಕಲಿತ ಕೆಲಸವೂ ಉಳಿಯಬೇಕಿತ್ತು. ಬಸ್ಸಿನಲ್ಲಿ ಹಸಿಮೆಣಸಿನಕಾಯಿ ಚೀಲಗಳ ನಡುವೆ ಕೂತು ಅಳುತ್ತಲೇ ಹೋದೆ. ದೂರದಲ್ಲಿ ಎಲ್ಲಮ್ಮನ ಗುಡ್ಡ ಕಾಣುತ್ತಲೇ ಕೈ ಮುಗಿದೆ. ‘ಏಳು ಕೊಳ್ಳದ ತಾಯಿ, ನಾ ಅಲ್ಲಿ ಇರಾಕ ಆಗೂದಿಲ್ಲ. ನನ್ನ ಬದಲಿಗೆ ಯಾರನ್ನರ ಆಕಿ ಬಾಜೂ ನಿಂದ್ರಸವ್ವಾ.’

ಮಗಳು ಹಾಸಿಗೆ ಹಿಡಿದಿರುತ್ತಾಳೆ ಎಂದುಕೊಂಡು ಹೋದವಳಿಗೆ ಅವಳು ವಾರ್ಡಿನ ಹಿಂದಿನ ಕೋಣೆಯಲ್ಲಿ ಕಂಡಳು. ಸ್ಟೂಲಿನ ಮೇಲೆ ಕಾಲು ಚಾಚಿದ್ದಳು, ಟೋಪಿ ಮಡಿಲಲ್ಲಿತ್ತು. ಬಿಳಿ ಸೀರೆಯ, ದಪ್ಪ ಕನ್ನಡಕದ ಹಿರಿಯ ನರ್ಸೊಬ್ಬರು ತಾಟು ಹಿಡಿದು ಎದುರಿಗೆ ನಿಂತಿದ್ದರು.

“ಇನ್ನೊಂದು ತುತ್ತು.”

“ಸಾಕ್ರಿ ಸಿಸ್ಟರ್. ಅಜ್ಜಿಗೆ ಗುಳಿಗಿ ಕೊಡೂದೈತಿ...”

“ನಾ ಕೊಟ್ಟೇನಿ. ಮಂದಿಗೆ ಗಡಿಯಾರ ನೋಡಿ ಗುಳಿಗಿ ಕೊಡ್ತಿ, ನಿನ್ನ ಹೊಟ್ಟಿಗೆ ಗಡಿಯಾರ ಇಲ್ಲೇನ? ನೀ ಬಿದ್ರ ಎತ್ತಾಕ ಇಬ್ಬರು ಬೇಕು. ಆವಾಗ ಪೇಷಂಟ್ ನೋಡೂರು ಯಾರು, ನಿಮ್ಮ ಮಾಮಾ?”

ಶೈಲಾ ನಕ್ಕಳು. ನಗುತ್ತಲೇ ನನ್ನನ್ನು ನೋಡಿ ಅತ್ತಳು.

ಆಮೇಲೆ ತಿಳಿಯಿತು. ಕೆಲವು ದಿನಗಳ ಹಿಂದೆ ಬಾಣಂತಿಯೊಬ್ಬಳು ಇವಳು ಡ್ಯೂಟಿಯಲ್ಲಿದ್ದಾಗ ತೀರಿಕೊಂಡಿದ್ದಳು. ಅಂದಿನಿಂದ ಇವಳಿಗೆ ತುತ್ತು ಇಳಿಯುತ್ತಿರಲಿಲ್ಲ. ನನ್ನ ರೊಟ್ಟಿಯನ್ನೆಲ್ಲ ರೋಗಿಗಳ ಮನೆಯವರಿಗೆ ಹಂಚಿ ಖಾಲಿ ಡಬ್ಬಿ ಕಳಿಸುತ್ತಿದ್ದಳು. ಹಿಂದಿನ ದಿನ ಹಂಚುವ ಮೊದಲೇ ಬಿದ್ದಿದ್ದಳು.

ಆ ಹಿರಿಯ ನರ್ಸಿನ ಹೆಸರು ಸುಶೀಲಾಬಾಯಿ. ರಾಮದುರ್ಗದಿಂದ ವರ್ಗವಾಗಿ ಹಿಂದಿನ ದಿನ ಸಂಜೆಯಷ್ಟೇ ಬಂದಿದ್ದರು. ಅವರು ಶೈಲಾಳ ಕೂದಲು ಸರಿಮಾಡುತ್ತ ಮೆಲ್ಲಗೆ ಹೇಳಿದರು, “ಹೊಸದಾಗಿ ಸೇರಿದಾಗ ನನ್ನ ಕೈಯಾಗೂ ಒಬ್ಬಾಕಿ ಹೋದ್ಲವಾ. ಯಾರ ಮುಂದೂ ಹೇಳಲಿಲ್ಲ ನಾ. ಇವತ್ತಿಗೂ ಆಕಿ ಕೈಯಾಗಿನ ಹಸರ ಬಳಿ ಕಣ್ಣಮುಂದ ಬರತಾವ. ನೀ ಹಂಗ ಮಾಡಬ್ಯಾಡ. ನನ್ನ ಮುಂದ ಹೇಳು, ಅಳು. ಮುಖಾ ತೊಳಕೊಂಡು, ಚಾ ಕುಡದು, ಆಮ್ಯಾಲೆ ಬ್ಯಾರೆ ಪೇಷಂಟಿನ ಕಾಟಿಗೆ ಹೋಗು. ಊಟಕ್ಕ ನೀ ಕುಂತಾಗ ನಾ ವಾರ್ಡ್ ನೋಡ್ತೇನಿ, ನಾ ಕುಂತಾಗ ನೀ.”

ನಾನು ಟ್ರಂಕಿನ ಮಾತೆತ್ತಿದೆ. ಶೈಲಾ ಕಣ್ಣೊರೆಸಿಕೊಂಡು ಟೋಪಿ ಇಟ್ಟುಕೊಂಡಳು. “ಅವ್ವಾ, ಟ್ರಂಕ್ ಇಲ್ಲೇ ಇರಲಿ. ಬುತ್ತಿ ಇಬ್ಬರಿಗೆ ಆಗೂವಷ್ಟು ಕಳಸು.”

“ನಿಮ್ಮನ್ನ ಎಲ್ಲಮ್ಮ ತಾಯಿನ ಕಳಿಸ್ಯಾಳ್ರಿ,” ಎಂದು ಸುಶೀಲಾಬಾಯಿಯ ಕೈ ಹಿಡಿದೆ.

“ನಮ್ಮ ಮನ್ಯಾಗ ಬುದ್ಧನ ಪಟ ಐತ್ರಿ ಅಕ್ಕಾರ. ವರ್ಗಾ ಮಾಡಿದ್ದು ಸರಕಾರ,” ಎಂದು ನಕ್ಕರು. “ಆದ್ರ ನಿಮ್ಮ ತಾಯಿ ಕಳಿಸ್ಯಾಳ ಅಂದ್ರ ಬ್ಯಾಡ ಅನ್ನಾಕ ನಾ ಯಾರು?” ಹೊರಡುವಾಗ ನೋಡಿದರೆ ತೊಳೆದ ಡಬ್ಬಿಯೊಳಗೆ ತಮ್ಮ ಮನೆಯ ಅಗಸಿ ಚಟ್ನಿ ತುಂಬಿಟ್ಟಿದ್ದರು.

ಬಂಧುಗಳೇ, ನಾನು ಬಸ್ಸಿನಲ್ಲಿ ಕೈ ಮುಗಿದದ್ದು ಮಂಗಳವಾರ. ಸುಶೀಲಾಬಾಯಿ ಬಂದದ್ದು ಸೋಮವಾರ. ನಾನು ಕೇಳುವ ಮೊದಲೇ ತಾಯಿ ಅವರನ್ನು ರಾಮದುರ್ಗದಲ್ಲಿ ಬಸ್ ಹತ್ತಿಸಿದ್ದಳು. ಈಗ ನನ್ನ ಶೈಲಾ ಹೊಸ ಹುಡುಗಿಯರನ್ನು ಗದರಿಸಿ ಊಟಕ್ಕೆ ಎಬ್ಬಿಸುತ್ತಾಳೆ. ಅದನ್ನು ಕೇಳಿದಾಗಲೆಲ್ಲ ಗುಡ್ಡದ ಕಡೆ ತಿರುಗಿ ಕೈ ಮುಗಿಯುತ್ತೇನೆ.

ಅಂದು ಸಂಜೆ ಯಜಮಾನರು ಟ್ರಂಕ್ ಎಲ್ಲಿ ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳುತ್ತ ರೊಟ್ಟಿಯ ಮೇಲೆ ಆ ಚಟ್ನಿ ಹಾಕಿ ಕೊಟ್ಟೆ. ತಿಂದು ಮುಗಿಸಿ ಇನ್ನೊಂದು ರೊಟ್ಟಿ ಕೇಳಿದರು. ಅಷ್ಟರಲ್ಲಿ ಗೋಡೆಯ ಮೇಲೆ ನನ್ನ ಸ್ಟೀಲಿನ ಬಟ್ಟಲು ಕಾಣಿಸಿತು, ಅದರಲ್ಲಿ ಎರಡು ಎಳೆಯ ಹೀರೇಕಾಯಿ.

“ಇದೆಲ್ಲಾ ಯಾಕ ಗಂಗಕ್ಕಾ?” ಎಂದೆ.

“ತಗೋರಿ. ಕೊಡಾಕಿ ಬಟ್ಟಲಾನ ಖಾಲಿ ಇಟ್ರ, ನಾಳಿ ನಾ ಯಾರ ಮನಿಗೆ ಮಜ್ಜಿಗಿ ಕೇಳಾಕ ಹೋಗ್ಲಿ?”