ಗೆಳೆಯ ಮುಚ್ಚಿಟ್ಟ ಉಬ್ಬಸ

ಡ್ರಿಲ್ ಮಾಸ್ತರನಾಗಿ ನಿವೃತ್ತನಾದ ಮೇಲೂ ಬೆಳಿಗ್ಗೆ ಐದೂವರೆಯ ನಡಿಗೆಯನ್ನು ನಾನು ತಪ್ಪಿಸಿದವನಲ್ಲ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡಿಸುವ ಗೆಳೆಯನೊಬ್ಬ ಜೊತೆಗಿರುತ್ತಿದ್ದ. ಕಳೆದ ವರ್ಷದಿಂದ ಬಿರುಸಾಗಿ ನಡೆದರೆ ನನ್ನ ಎದೆ ಬಿಗಿಯುತ್ತಿತ್ತು. ಅವನು ಮುಂದೆ ಹೋಗಿ ಕೂಗುತ್ತಿದ್ದ: "ಏನ್ರಿ ಮಾಸ್ತರ, ಹುಡುಗರಿಗಿ ಓಡಸ್ತಿದ್ರಿ, ಈಗ ನೀವೇ ಕುಂತ್ರಿ? ನಾ ಒಂದಿನಾರ ತೇಕೀನೇನ್ರಿ?"

ಮೈಗಳ್ಳನಾದೆನೆಂದು ನಾಚಿ ಇನ್ನೂ ಜೋರಾಗಿ ನಡೆದೆ. ಒಂದು ದಿನ ರಸ್ತೆಯಲ್ಲೇ ಕುಸಿದೆ. ವೈದ್ಯರು ಇದು ಉಬ್ಬಸ ಎಂದು ಹೇಳಿ, ನಡಿಗೆಗೆ ಮುಂಚೆ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳಲು ಇನ್‌ಹೇಲರ್ ಪಂಪು ಕೊಟ್ಟರು.

ಅದನ್ನು ತೋರಿಸಲು ಗೆಳೆಯನ ಮನೆಗೆ ಹೋದೆ. ಅವನ ಹೆಂಡತಿ ನಕ್ಕರು. "ಅಣ್ಣಾರ, ಇವರು ನಾಕು ವರ್ಷದಿಂದ ದಿನಾ ಇದನ್ನ ಎಳಕೊಂಡೇ ನಿಮ್ಮ ಸಂಗಟ ಬರ್ತಾರಲ್ರಿ."

ಗೆಳೆಯ ತಲೆ ತಗ್ಗಿಸಿದ. "ಚಹಾ ತಗೊಳ್ರಿ ಮಾಸ್ತರ," ಎಂದ.

ನಾನು ಕುಡಿಯದೆ ಎದ್ದು ಬಂದೆ.